ಅಂಗನವಾಡಿಗೆ ಬಣ್ಣ ಸಾಕು, ಇನ್ನೊಬ್ಬ ಟೀಚರ್ ಕೊಡಿ: ದಾವಣಗೆರೆ, ಚಿತ್ರದುರ್ಗದವರು ಏನಂತೀರಿ?

ಜಗಳೂರು ಕಡೆಯವಳು:

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಆಗುತ್ತದೆ, ದಯವಿಟ್ಟು ಓದಿ.

ನಮ್ಮೂರಿನ ಅಂಗನವಾಡಿಗೆ ಹೊಸದಾಗಿ ಬಣ್ಣ ಹೊಡೆದಿದ್ದಾರೆ. ಗೋಡೆ ತುಂಬ ಆನೆ, ನವಿಲು, ಕನ್ನಡ ಅಕ್ಷರ, ಇಂಗ್ಲಿಷ್ ಅಕ್ಷರ. ನೋಡೋಕೆ ಚೆನ್ನಾಗಿದೆ. ಉದ್ಘಾಟನೆಗೆ ದೊಡ್ಡವರೆಲ್ಲ ಬಂದು ಫೋಟೋ ತೆಗೆಸಿಕೊಂಡು ಹೋದರು. ಆದರೆ ಅಲ್ಲಿ ಒಂದು ಬೆಳಿಗ್ಗೆ ಸುಮ್ನೆ ಕೂತು ನೋಡಿದರೆ ಬೇರೆಯೇ ಕಾಣುತ್ತದೆ.

ನಾನು ಹೋದಾಗ ಹತ್ತೂವರೆ ಆಗಿತ್ತು. ಕಾರ್ಯಕರ್ತೆ ಬಾಗಿಲಲ್ಲಿ ನಿಂತು ಒಬ್ಬ ತಾಯಿಯ ಮುಖಕ್ಕೆ ಫೋನ್ ಹಿಡಿದಿದ್ದರು. ಪೋಷಣ್ ಟ್ರ್ಯಾಕರ್ ಅನ್ನೋ ಸರ್ಕಾರಿ ಆ್ಯಪ್‌ನಲ್ಲಿ ಮುಖ ಹೊಂದಿಕೆಯಾದರೆ ಮಾತ್ರ ಮನೆಗೆ ಒಯ್ಯುವ ಆಹಾರದ ಪೊಟ್ಟಣ ಕೊಟ್ಟ ಹಾಗೆ ಲೆಕ್ಕ. 'ಸ್ವಲ್ಪ ಬೆಳಕಿಗೆ ಬಾರಮ್ಮ, ಸೆರಗು ಹಿಂದೆ ಹಾಕು, ಕಣ್ಣು ಮಿಟುಕಿಸು.' ಆಗಲಿಲ್ಲ. ನೆಟ್‌ವರ್ಕ್ ಹೋಯಿತು. ಮತ್ತೆ ಮೊದಲಿಂದ. ಕಂಕುಳಲ್ಲಿದ್ದ ಮಗು ಅಳುತ್ತಿತ್ತು. ಒಳಗೆ ಸಹಾಯಕಿ ಒಲೆ ಮುಂದೆ ಇದ್ದರು, ಬೇಳೆ ಕುದಿಯುತ್ತಿತ್ತು. ಮಕ್ಕಳ ಜೊತೆ ಯಾರೂ ಇರಲಿಲ್ಲ. ಒಂದು ಹುಡುಗಿ ಸ್ಲೇಟಿನ ಮೇಲೆ ಗೆರೆ ಎಳೆದು, ಅಳಿಸಿ, ಮತ್ತೆ ಅದೇ ಗೆರೆ ಎಳೆಯುತ್ತಿದ್ದಳು. ಇಬ್ಬರು ಹುಡುಗರು ಒಂದೇ ಪ್ಲಾಸ್ಟಿಕ್ ಬಳೆಗೆ ಜಗ್ಗಾಡುತ್ತಿದ್ದರು. ಒಬ್ಬ ಆಗಲೇ ತಟ್ಟೆ ತೊಡೆ ಮೇಲಿಟ್ಟುಕೊಂಡು ಗೋಡೆಗೆ ಒರಗಿದ್ದ. ಆಟದ ಸಾಮಾನಿನ ಪೆಟ್ಟಿಗೆ ಬೀರುವಿನ ಮೇಲಿತ್ತು. ಅದನ್ನು ಇಳಿಸಿ, ಕೊಟ್ಟು, ಮತ್ತೆ ಎಣಿಸಿ ಇಡೋಕೆ ಒಬ್ಬರು ಬೇಕಲ್ಲ?

ಇದರಲ್ಲಿ ಆ ಇಬ್ಬರದು ಏನೂ ತಪ್ಪಿಲ್ಲ. ಇಬ್ಬರೂ ಕೈತುಂಬ ಕೆಲಸ ಮಾಡುತ್ತಲೇ ಇದ್ದರು. ಅದಕ್ಕೇ ನನ್ನ ವಾದ ಇಷ್ಟು: ನಮ್ಮ ಜಿಲ್ಲೆಗಳಲ್ಲಿ ಚಿಕ್ಕ ಮಕ್ಕಳಿಗೆ ಅಂತ ಹೊಸ ದುಡ್ಡು ಬಂದರೆ ಮೊದಲು ಕೊಡಬೇಕಾದ್ದು ಒಂದು ಜೊತೆ ಕೈ. ಬರೀ ಮಕ್ಕಳ ಕಲಿಕೆ, ಆಟ, ಮಾತು ನೋಡಿಕೊಳ್ಳೋಕೆ, ದಿನಕ್ಕೆ ಅರ್ಧ ಹೊತ್ತು ಇನ್ನೊಬ್ಬರು.

ಇದು ನನ್ನ ತಲೆಯಿಂದ ಬಂದದ್ದಲ್ಲ. ತಮಿಳುನಾಡಿನಲ್ಲಿ 320 ಅಂಗನವಾಡಿಗಳಲ್ಲಿ ಇದನ್ನು ಪರೀಕ್ಷೆ ಮಾಡಿ ನೋಡಿದ್ದಾರೆ. ಕೆಲವು ಕೇಂದ್ರಗಳಿಗೆ ಚೀಟಿ ಎತ್ತಿದ ಹಾಗೆ ಆರಿಸಿ, ಅರ್ಧ ದಿನದ ಒಬ್ಬ ಹೆಚ್ಚುವರಿ ಕಾರ್ಯಕರ್ತೆಯನ್ನು ಕೊಟ್ಟರು. ಉಳಿದ ಕೇಂದ್ರಗಳು ಮೊದಲಿನ ಹಾಗೇ ನಡೆದವು. ಒಂದೂವರೆ ವರ್ಷದ ಮೇಲೆ ನೋಡಿದರೆ, ಹೆಚ್ಚುವರಿ ಕಾರ್ಯಕರ್ತೆ ಇದ್ದ ಕಡೆ ಮಕ್ಕಳಿಗೆ ಕಲಿಸುವ ಹೊತ್ತು ಎರಡು ಪಟ್ಟಾಗಿತ್ತು. ಲೆಕ್ಕ, ಭಾಷೆ ಎರಡರಲ್ಲೂ ಮಕ್ಕಳು ಮುಂದೆ ಹೋಗಿದ್ದರು. ನನಗೆ ಆಶ್ಚರ್ಯ ಆದದ್ದು ಇನ್ನೊಂದು. ಅಲ್ಲಿ ಕುಳ್ಳಾಗಿ ಉಳಿಯುವ ಮಕ್ಕಳೂ ಕಡಿಮೆಯಾದರು. ಯಾಕಂದರೆ ಹಳೇ ಕಾರ್ಯಕರ್ತೆಗೆ ಆರೋಗ್ಯ, ಪೌಷ್ಟಿಕ ಆಹಾರದ ಕೆಲಸಕ್ಕೆ ಪುರುಸೊತ್ತು ಸಿಕ್ಕಿತು.

ನಿಮ್ಮ ಊರಲ್ಲಿ ಹೇಗಿದೆ, ಹೇಳಿ.

ಹರಿಹರದ ಅಪ್ಪ:

ಅಕ್ಕ, ಒಳ್ಳೇ ವಿಷಯ ಎತ್ತಿದ್ದೀರಿ. ಆದರೆ ನಮ್ಮ ಓಣಿಯಲ್ಲಿ ಮೂರು ವರ್ಷ ಆದ ಮಗುವನ್ನು ಅಂಗನವಾಡಿಗೆ ಕಳಿಸುವವರೇ ಕಡಿಮೆ. ನಾನೂ ಮಗಳನ್ನು ಖಾಸಗಿ ಎಲ್‌ಕೆಜಿಗೆ ಹಾಕಿದ್ದೇನೆ. ಫ್ಯಾಕ್ಟರಿ ಸಂಬಳದಲ್ಲಿ ಅದು ಭಾರವೇ. ಆದರೂ ಯಾಕೆ? ಅಲ್ಲಿ ಮಗು ಬರೆಯುತ್ತದೆ, ಇಂಗ್ಲಿಷ್ ರೈಮ್ಸ್ ಹೇಳುತ್ತದೆ, ಯೂನಿಫಾರ್ಮ್ ಇದೆ. ಅಂಗನವಾಡಿ ಅಂದರೆ ಊಟದ ಮನೆ ಅಂತಲೇ ಜನ ತಿಳಿದಿದ್ದಾರೆ. ಸರ್ಕಾರ ಅಲ್ಲೇ ಎಲ್‌ಕೆಜಿ, ಯುಕೆಜಿ ಅಂತ ಬೋರ್ಡ್ ಹಾಕಿದರೆ ನಾಳೆಯೇ ಜನ ಬರುತ್ತಾರೆ.

ಚಳ್ಳಕೆರೆ ಮೇಷ್ಟ್ರು:

ಬೋರ್ಡಿನ ವಿಷಯಕ್ಕೆ ಎರಡು ಮಾತು. 2019ರಲ್ಲೇ ಕರ್ನಾಟಕ ಪಬ್ಲಿಕ್ ಶಾಲೆಗಳಲ್ಲಿ ಎಲ್‌ಕೆಜಿ, ಯುಕೆಜಿ ಶುರುವಾಯಿತು. 2024ರಲ್ಲಿ ಇನ್ನಷ್ಟು ಸರ್ಕಾರಿ ಶಾಲೆಗಳಲ್ಲಿ ಶುರು ಮಾಡೋಕೆ ಹೊರಟಾಗ ಅಂಗನವಾಡಿ ಕಾರ್ಯಕರ್ತೆಯರು ಬೆಂಗಳೂರಿಗೆ ಹೋಗಿ ಧರಣಿ ಕೂತರು. ತಮ್ಮ ಕೇಂದ್ರದ ಮಕ್ಕಳೆಲ್ಲ ಶಾಲೆಗೆ ಹೋದರೆ ಅಂಗನವಾಡಿ ಖಾಲಿ ಆಗುತ್ತದೆ ಅನ್ನೋ ಭಯ ಅವರದು. ನ್ಯಾಯವಾದ ಭಯವೇ. ಎರಡು ಇಲಾಖೆ ಒಂದೇ ಮಗುವಿಗೆ ಜಗ್ಗಾಡುವ ಬದಲು ಕೂತು ಮಾತಾಡಬಹುದಿತ್ತು.

ನಾನು ಒಂದನೇ ಕ್ಲಾಸಿಗೆ ಪಾಠ ಮಾಡುತ್ತೇನೆ. ಜೂನ್ ತಿಂಗಳಲ್ಲಿ ಮಕ್ಕಳು ಬರುತ್ತಾರಲ್ಲ, ಆಗ ಮೊದಲು ನಾನು ಅಕ್ಷರ ಕೇಳೋದಿಲ್ಲ. 'ನಿಮ್ಮ ಮನೇಲಿ ಬೆಳಿಗ್ಗೆ ಏನಾಯ್ತು, ಹೇಳು' ಅಂತೀನಿ. ಕೆಲವು ಮಕ್ಕಳು ಆಕಳು ಕರು ಹಾಕಿದ್ದರಿಂದ ಹಿಡಿದು ಅಜ್ಜಿ ಬೈದದ್ದರವರೆಗೆ ಸಾಲಾಗಿ ಹೇಳುತ್ತವೆ. ಕೆಲವಕ್ಕೆ ಒಂದು ಪದ ಹೊರಡಿಸೋಕೆ ಆಗಸ್ಟ್ ಬರಬೇಕು. ಈ ಎರಡನೇ ಗುಂಪಿನವೇ ಮೂರನೇ ಕ್ಲಾಸಿನಲ್ಲಿ ಓದೋಕೆ ತಡವರಿಸೋದು. ಇದು ನಾನು ವರ್ಷ ವರ್ಷ ಕಾಣುತ್ತಿರುವುದು.

ಹರಿಹರದವರೇ, ಮೂರು ವರ್ಷದ ಮಗುವಿನ ಬೆರಳಿನಲ್ಲಿ ಇನ್ನೂ ಪೆನ್ಸಿಲ್ ಹಿಡಿದು ಅಕ್ಷರ ಬರೆಯುವಷ್ಟು ಹಿಡಿತ ಇರಲ್ಲ. ಆ ವಯಸ್ಸಿಗೆ ಬೇಕಾದ್ದು ಕಥೆ, ಹಾಡು, ಮಣ್ಣು, ಬೀಜ ಎಣಿಸೋದು, ಪ್ರಶ್ನೆ ಕೇಳೋದು, ಉತ್ತರಕ್ಕೆ ಕಾಯೋ ಒಬ್ಬ ದೊಡ್ಡವರು. ಅಂಗನವಾಡಿಯ 'ಚಿಲಿಪಿಲಿ' ಪಠ್ಯದಲ್ಲಿ ಇದೆಲ್ಲ ಇದೆ. 2020ರ ಶಿಕ್ಷಣ ನೀತಿಯೂ ಮೂರರಿಂದ ಎಂಟು ವರ್ಷದವರೆಗೆ ಒಂದೇ ಹಂತ ಅಂತ ಹೇಳಿತು. ಪುಸ್ತಕ ಇದೆ, ನೀತಿ ಇದೆ. ಅದನ್ನು ಹಿಡಿದು ಮಕ್ಕಳ ಮುಂದೆ ಕೂರೋಕೆ ಪುರುಸೊತ್ತಿರುವ ಮನುಷ್ಯರಿಲ್ಲ. ಹಾಗಾಗಿ ಜಗಳೂರಿನವರ ಮಾತಿಗೆ ನನ್ನ ಪೂರ್ತಿ ಒಪ್ಪಿಗೆ.

ಹೊಸದುರ್ಗ ತಾಲೂಕಿನ ಕಾರ್ಯಕರ್ತೆ:

ನಮ್ಮ ಬಗ್ಗೆ ಒಳ್ಳೇ ಮಾತು ಬರೆದಿದ್ದಕ್ಕೆ ಮನಸ್ಸು ತುಂಬಿ ಬಂತು. ಸಾಮಾನ್ಯವಾಗಿ ಬೈಗುಳವೇ ಬರೋದು.

ನನ್ನ ದಿನ ಹೇಳುತ್ತೇನೆ. ಬಂದ ಕೂಡಲೇ ಫೋನ್ ತೆಗೆದು ಹಾಜರಿ. ಹೆಸರು ಬಂದಿಲ್ಲ ಅಂದರೆ ಮೇಲಿನವರ ಫೋನ್. ಆಮೇಲೆ ಗರ್ಭಿಣಿಯರ ಊಟ. ಮಾತೃಪೂರ್ಣ 2017ರಲ್ಲಿ ಬಂದಾಗಿನಿಂದ ಅವರಿಗೂ ಬಿಸಿಯೂಟ ಇಲ್ಲೇ. ತಿಂಗಳಿಗೊಮ್ಮೆ ತೂಕ, ಎತ್ತರ. ಲಸಿಕೆ ದಿನ ಆಶಾ ಜೊತೆ ಓಡಾಟ. ಚುನಾವಣೆ ಬಂದರೆ ನಾವೇ ಬಿಎಲ್‌ಒ, ಅಂದರೆ ಮತದಾರರ ಪಟ್ಟಿ ನೋಡಿಕೊಳ್ಳುವ ಮತಗಟ್ಟೆ ಅಧಿಕಾರಿ. ಸರ್ವೇ ಬಂದರೆ ನಾವೇ. ಗೃಹಲಕ್ಷ್ಮಿ ಬಂದಾಗ ಊರಿನ ಹೆಂಗಸರೆಲ್ಲ ಕಾಗದ ಹಿಡಿದು ಬಂದದ್ದೂ ನಮ್ಮ ಬಾಗಿಲಿಗೇ. ಈ ಎಲ್ಲದರ ಮಧ್ಯೆ ಮಕ್ಕಳಿಗೆ ಎರಡು ಹಾಡು, ಒಂದು ಕಥೆ ಹೇಳಿದರೆ ಆ ದಿನ ಹಬ್ಬ.

ನಾನು ತರಬೇತಿಯಲ್ಲಿ ಕಲಿತದ್ದು ಎಷ್ಟೋ ಇದೆ. ಹುಣಸೆ ಬೀಜದಲ್ಲಿ ಲೆಕ್ಕ, ಬಟ್ಟೆ ಗೊಂಬೆಯಲ್ಲಿ ಕಥೆ. ಮಾಡೋಕೆ ಆಸೆಯೂ ಇದೆ.

ಆದರೆ ಒಂದು ಮಾತು. ನಮಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ ಗೌರವಧನ ತಿಂಗಳಿಗೆ 4,500 ರೂಪಾಯಿ. 2018ರಲ್ಲಿ ಆದ ದರ ಅದು. ರಾಜ್ಯ ಸರ್ಕಾರ ಮೇಲೆ ಹಾಕಿ ಕೊಡುತ್ತದೆ ಅನ್ನೋದಕ್ಕೆ ಜೀವ ಹಿಡಿದಿದ್ದೇವೆ. ಈಗ 'ಅರ್ಧ ದಿನದ ಇನ್ನೊಬ್ಬರು' ಅಂದರೆ ಇನ್ನೂ ಕಡಿಮೆ ಕೂಲಿಗೆ ಇನ್ನೊಬ್ಬ ಹೆಣ್ಣುಮಗಳನ್ನು ದುಡಿಸಿಕೊಳ್ಳೋದು ಅಂತ ಆಗಬಾರದು. 2022ರಲ್ಲಿ ಸುಪ್ರೀಂ ಕೋರ್ಟ್ ನಮಗೆ ಗ್ರಾಚ್ಯುಟಿ, ಅಂದರೆ ಕೆಲಸ ಬಿಡುವಾಗ ಸಿಗುವ ಇಡಿಗಂಟು, ಕೊಡಬೇಕು ಅಂತ ತೀರ್ಪು ಕೊಟ್ಟಿತು. ನಾವು ಮಾಡುವುದು ಸುಮ್ನೆ ಸೇವೆ ಅಲ್ಲ, ಕಾನೂನಿನಡಿ ನಡೆಯುವ ಕೆಲಸ ಅಂತ ಅಲ್ಲೇ ಹೇಳಿದೆ. ಹೊಸಬರಿಗೂ ಅದು ಸಿಗಬೇಕು.

ಜಗಳೂರು ಕಡೆಯವಳು:

ಅಕ್ಕ, ನಿಮ್ಮ ಮಾತು ಸರಿ. ಹೊಸ ಹುದ್ದೆ ಅಂದರೆ ಆದೇಶ, ನೇಮಕಾತಿ, ಗ್ರಾಚ್ಯುಟಿ ಎಲ್ಲ ಸೇರಿಯೇ ಇರಬೇಕು. ಗುತ್ತಿಗೆ ಏಜೆನ್ಸಿ ಕೈಗೆ ಕೊಟ್ಟರೆ ನಾನೂ ಒಪ್ಪೋದಿಲ್ಲ.

ಲೆಕ್ಕದವನು, ದಾವಣಗೆರೆ:

ಎಲ್ಲರೂ ಬೇಕು ಅಂತೀರಿ. ದುಡ್ಡು ಎಲ್ಲಿಂದ? ಕರ್ನಾಟಕದಲ್ಲಿ 65 ಸಾವಿರಕ್ಕೂ ಜಾಸ್ತಿ ಅಂಗನವಾಡಿ ಇವೆ. ಪ್ರತಿ ಕೇಂದ್ರಕ್ಕೆ ತಿಂಗಳಿಗೆ 6,000 ಅಂತ ಇಟ್ಟರೂ ವರ್ಷಕ್ಕೆ 72,000. ಇಡೀ ರಾಜ್ಯಕ್ಕೆ 450 ಕೋಟಿ ದಾಟುತ್ತದೆ. ಗ್ಯಾರಂಟಿಗಳ ಮೇಲೆ ಇದನ್ನೂ ಹೊರೋಕೆ ಆಗುತ್ತಾ?

ಚಳ್ಳಕೆರೆ ಮೇಷ್ಟ್ರು:

ನಿಮ್ಮ ಲೆಕ್ಕವನ್ನೇ ಇನ್ನೊಂದು ಕಡೆಯಿಂದ ನೋಡಿ. ಒಂದು ಹೊಸ ಕಟ್ಟಡಕ್ಕೆ 20 ಲಕ್ಷ ಅಂತ ಇಟ್ಟುಕೊಳ್ಳೋಣ. ಆ ದುಡ್ಡಿನಲ್ಲಿ ನೀವು ಹೇಳಿದ ದರಕ್ಕೆ ಒಬ್ಬ ಟೀಚರ್ 27 ವರ್ಷ ಕೆಲಸ ಮಾಡಬಹುದು. ಸಂಬಳ ದುಪ್ಪಟ್ಟು ಮಾಡಿದರೂ 13 ವರ್ಷ. ಕಟ್ಟಡ ಬೇಡ ಅಂತಲ್ಲ. ಸೋರುವ ಚಾವಣಿ ಇರುವ ಕಡೆ ಬೇಕೇ ಬೇಕು. ಆದರೆ ಕಟ್ಟಡಕ್ಕೆ ಸಿಗುವ ಅನುದಾನ ಮನುಷ್ಯರಿಗೆ ಸಿಗಲ್ಲ, ಯಾಕಂದರೆ ಮನುಷ್ಯರಿಗೆ ಶಿಲಾನ್ಯಾಸ ಮಾಡೋಕೆ ಆಗಲ್ಲ.

ಇನ್ನು ವಾಪಸ್ಸು ಬರುವ ಲಾಭ. ಅಮೆರಿಕದ ಮಿಶಿಗನ್‌ನಲ್ಲಿ 1962ರಲ್ಲಿ ಪೆರ್ರಿ ಅಂತ ಒಂದು ಶಾಲೆಯಲ್ಲಿ ಬಡ ಮಕ್ಕಳಿಗೆ ಶಾಲಾಪೂರ್ವ ಶಿಕ್ಷಣ ಕೊಟ್ಟರು. ಪರೀಕ್ಷೆಯಲ್ಲಿ ಇದ್ದದ್ದು 123 ಮಕ್ಕಳು. ಅವರನ್ನು ಐವತ್ತು ವರ್ಷ ದಾಟುವ ತನಕ ಹಿಂಬಾಲಿಸಿ ನೋಡಿದರು. ನೊಬೆಲ್ ಪಡೆದ ಜೇಮ್ಸ್ ಹೆಕ್‌ಮನ್ ಲೆಕ್ಕ ಹಾಕಿ, ಹಾಕಿದ ದುಡ್ಡಿಗೆ ವರ್ಷಕ್ಕೆ ಶೇ 7ರಿಂದ 10ರಷ್ಟು ಲಾಭ ಅಂದರು. ಅಮೆರಿಕದ ಮಾತು ನಮಗೆ ಯಾಕೆ ಅಂದರೆ, ತಮಿಳುನಾಡಿನ ಪರೀಕ್ಷೆಯಲ್ಲೂ ಮಕ್ಕಳು ಮುಂದೆ ದುಡಿಯುವ ದುಡ್ಡಿನ ಅಂದಾಜು ಖರ್ಚಿನ ಹತ್ತು ಪಟ್ಟು ಮೀರುತ್ತದೆ.

ಹೊಳಲ್ಕೆರೆಯವ:

ಚಿತ್ರದುರ್ಗಕ್ಕೆ ದುಡ್ಡಿನ ದಾರಿ ಇದೆ ಸ್ವಾಮಿ. ನಮ್ಮ ಕಡೆ ಕಬ್ಬಿಣದ ಅದಿರು ಗಣಿ ಇವೆ. ಲಾರಿ ಧೂಳು ನಾವು ಕುಡಿದಿದ್ದೇವೆ. 2015ರಲ್ಲಿ ಗಣಿ ಕಾಯ್ದೆಗೆ ತಿದ್ದುಪಡಿ ತಂದು ಜಿಲ್ಲಾ ಖನಿಜ ಪ್ರತಿಷ್ಠಾನ ಮಾಡಿದರು. ಗಣಿಯವರು ಕಟ್ಟುವ ದುಡ್ಡು ಅದರಲ್ಲಿ ಜಮಾ ಆಗುತ್ತದೆ. ಕನಿಷ್ಠ ಶೇ 60ರಷ್ಟನ್ನು ಕುಡಿಯುವ ನೀರು, ಆರೋಗ್ಯ, ಶಿಕ್ಷಣ, ಹೆಂಗಸರು ಮತ್ತು ಮಕ್ಕಳ ಕಲ್ಯಾಣದಂಥ ಕೆಲಸಕ್ಕೇ ಹಾಕಬೇಕು ಅಂತ ಆಗಿನ ಮಾರ್ಗಸೂಚಿಯಲ್ಲೇ ಇತ್ತು. ನಮ್ಮ ಗಣಿ ಬಾಧಿತ ಹಳ್ಳಿಗಳಲ್ಲಿ ಮೊದಲು ಶುರು ಮಾಡಿ, ಫಲ ನೋಡಿ, ಆಮೇಲೆ ರಾಜ್ಯಕ್ಕೆ ಹೇಳಬಹುದು.

ಲೆಕ್ಕದವನು, ದಾವಣಗೆರೆ:

ಇದು ಕೇಳೋಕೆ ಸರಿಯಾಗಿದೆ. ಆದರೆ ದಾವಣಗೆರೆ ಜಿಲ್ಲೆಯ ಜಗಳೂರಿಗೆ ಆ ದುಡ್ಡು ಬರಲ್ಲ. ಗಣಿ ಮುಗಿದ ಮೇಲೆ ಸಂಬಳ ಯಾರು ಕೊಡುತ್ತಾರೆ ಅನ್ನೋದನ್ನೂ ಈಗಲೇ ಬರೆದಿಡಬೇಕು. ಎರಡು ಮೂರು ವರ್ಷ ಅಲ್ಲಿಂದ, ಆಮೇಲೆ ರಾಜ್ಯ ಬಜೆಟ್‌ನಿಂದ ಅಂತ ಮೊದಲೇ ಒಪ್ಪಂದ ಆದರೆ ನನ್ನ ತಕರಾರಿಲ್ಲ.

ಮಕ್ಕಳ ವಾರ್ಡಿನ ನರ್ಸ್:

ನೀವೆಲ್ಲ ಮೂರು ವರ್ಷ ದಾಟಿದ ಮಕ್ಕಳ ಬಗ್ಗೆಯೇ ಮಾತಾಡುತ್ತಿದ್ದೀರಿ. ನನಗೆ ಚಿಂತೆ ಅದಕ್ಕೂ ಚಿಕ್ಕವರದು.

ನಮ್ಮಲ್ಲಿಗೆ ಬರುವ ಮಗುವಿನ ತೋಳಿಗೆ ಒಂದು ಬಣ್ಣದ ಟೇಪ್ ಸುತ್ತುತ್ತೇವೆ. 11.5 ಸೆಂಟಿಮೀಟರ್‌ಗಿಂತ ಕಡಿಮೆ ಬಂದರೆ ತೀವ್ರ ಅಪೌಷ್ಟಿಕತೆ. ಟೇಪ್ ಕೆಂಪಿಗೆ ಬಂದು ನಿಂತಾಗ ತಾಯಿ ನಮ್ಮ ಮುಖ ನೋಡುತ್ತಾಳೆ. ಅಂಥ ಮಗುವನ್ನು ಪೌಷ್ಟಿಕ ಪುನಶ್ಚೇತನ ಕೇಂದ್ರದಲ್ಲಿ ಸುಮಾರು ಎರಡು ವಾರ ಇಟ್ಟುಕೊಳ್ಳುತ್ತೇವೆ. ತಾಯಿಗೆ ಕೂಲಿ ನಷ್ಟಕ್ಕೆ ಅಂತ ಸ್ವಲ್ಪ ದುಡ್ಡು ಕೊಡುವ ವ್ಯವಸ್ಥೆಯೂ ಇದೆ. ಆದರೂ ನಾಲ್ಕೈದು ದಿನಕ್ಕೇ 'ಮನೇಲಿ ಇನ್ನೆರಡು ಮಕ್ಕಳಿವೆ, ಹೊಲದಲ್ಲಿ ಮೆಕ್ಕೆಜೋಳ ಇದೆ' ಅಂತ ಗಂಟು ಕಟ್ಟುವವರಿದ್ದಾರೆ. ಅವರನ್ನು ಬೈಯೋಕೆ ಮನಸ್ಸು ಬರಲ್ಲ.

2019ರಿಂದ 21ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ನೋಡಿ. ಕರ್ನಾಟಕದಲ್ಲಿ ಐದು ವರ್ಷದೊಳಗಿನ ಮಕ್ಕಳಲ್ಲಿ ಶೇ 35.4ರಷ್ಟು ವಯಸ್ಸಿಗೆ ತಕ್ಕ ಎತ್ತರ ಇಲ್ಲ. ರಕ್ತಹೀನತೆ ಶೇ 65.5. ಹಿಂದಿನ ಸಮೀಕ್ಷೆಯಲ್ಲಿ ಅದು 60.9 ಇತ್ತು. ಅಂದರೆ ಜಾಸ್ತಿ ಆಗಿದೆ.

ಗ್ವಾಟೆಮಾಲಾದ ಹಳ್ಳಿಗಳಲ್ಲಿ 1969ರಿಂದ 77ರವರೆಗೆ ಒಂದು ಅಧ್ಯಯನ ನಡೆಯಿತು. ಕೆಲವು ಹಳ್ಳಿಯ ಮಕ್ಕಳಿಗೆ ಪ್ರೋಟೀನ್ ಜಾಸ್ತಿ ಇರುವ ಗಂಜಿ, ಉಳಿದ ಹಳ್ಳಿಗಳಲ್ಲಿ ಬರೀ ಸಿಹಿ ಪಾನೀಯ ಕೊಟ್ಟರು. ಹುಟ್ಟಿದಾಗಿನಿಂದ ಎರಡು ವರ್ಷದವರೆಗೆ ಗಂಜಿ ಕುಡಿದ ಗಂಡುಮಕ್ಕಳು ದೊಡ್ಡವರಾದ ಮೇಲೆ ಗಂಟೆಗೆ ಶೇ 46ರಷ್ಟು ಹೆಚ್ಚು ದುಡಿಯುತ್ತಿದ್ದರು. ಮೂರು ವರ್ಷದ ಮೇಲೆ ಕುಡಿಯೋಕೆ ಶುರು ಮಾಡಿದವರಿಗೆ ಆ ಲಾಭ ಕಾಣಲಿಲ್ಲ.

ನಮ್ಮಲ್ಲಿ ಅಂಗನವಾಡಿ ಮಗುವಿನ ಊಟಕ್ಕೆ 2017ರಲ್ಲಿ ನಿಗದಿಯಾದ ದರ ದಿನಕ್ಕೆ 8 ರೂಪಾಯಿ. ಆ ದುಡ್ಡಿನಲ್ಲಿ 2013ರ ಆಹಾರ ಭದ್ರತಾ ಕಾನೂನು ಆಗ ಹೇಳಿದ್ದ 500 ಕ್ಯಾಲರಿ, 12ರಿಂದ 15 ಗ್ರಾಂ ಪ್ರೋಟೀನ್ ಬರಬೇಕಿತ್ತು. ಇವತ್ತು ಒಂದು ಮೊಟ್ಟೆಯ ಬೆಲೆ ಎಷ್ಟು ಅಂತ ನಿಮಗೇ ಗೊತ್ತು. 2024ರ ಸೆಪ್ಟೆಂಬರಿನಿಂದ ಅಜೀಂ ಪ್ರೇಮ್‌ಜಿ ಫೌಂಡೇಶನ್ ದುಡ್ಡು ಕೊಟ್ಟಿದ್ದರಿಂದ ಶಾಲೆ ಮಕ್ಕಳಿಗೆ ವಾರಕ್ಕೆ ಆರು ದಿನ ಮೊಟ್ಟೆ ಸಿಗುತ್ತಿದೆ. ತುಂಬಾ ಒಳ್ಳೇದು. ಆದರೆ ಆ ಯೋಜನೆ ಶಾಲೆಗೆ. ಅಣ್ಣನಿಗೆ ಆರು ಮೊಟ್ಟೆ, ಇನ್ನೂ ಮೆದುಳು ಬೆಳೆಯುತ್ತಿರುವ ಎರಡು ವರ್ಷದ ತಂಗಿಗೆ ಪುಡಿಯ ಪೊಟ್ಟಣ. ಆ ಪೊಟ್ಟಣವನ್ನೂ ಮನೆಯವರೆಲ್ಲ ಹಂಚಿಕೊಂಡು ತಿನ್ನುತ್ತಾರೆ. ಹೊಸ ದುಡ್ಡು ಬಂದರೆ ನನ್ನ ಓಟು ಮೊದಲು ಮೊಟ್ಟೆಗೆ, ಆಮೇಲೆ ಟೀಚರ್‌ಗೆ.

ಮಂಡಕ್ಕಿ ಭಟ್ಟಿ ಓಣಿಯವಳು:

ನರ್ಸ್ ಅಕ್ಕನ ಮಾತಿಗೆ ಒಂದು ಸೇರಿಸುತ್ತೇನೆ. ಭಟ್ಟಿ ಕೆಲಸ ನಸುಕಿನಲ್ಲೇ ಶುರು. ನಮ್ಮಮ್ಮ ಮಾಡಿದಳು, ನಾನೂ ಮಾಡಿದ್ದೇನೆ. ಅಂಗನವಾಡಿ ಬಾಗಿಲು ತೆಗೆಯುವ ಹೊತ್ತಿಗೆ ನಮ್ಮ ಅರ್ಧ ಕೆಲಸ ಮುಗಿದಿರುತ್ತದೆ. ಅಲ್ಲಿಯ ತನಕ ಮಗು ಎಲ್ಲಿರಬೇಕು? ಒಲೆಯ ಹೊಗೆಯಲ್ಲಿ ಗೋಣಿಚೀಲದ ಮೇಲೆ ಮಲಗಿರುತ್ತದೆ. ಇಲ್ಲಾಂದರೆ ಎಂಟು ವರ್ಷದ ಅಕ್ಕ ಶಾಲೆ ಬಿಟ್ಟು ನೋಡಿಕೊಳ್ಳುತ್ತಾಳೆ. ಮೂರು ವರ್ಷದೊಳಗಿನ ಮಗುವನ್ನು ಅಂಗನವಾಡಿ ಇಟ್ಟುಕೊಳ್ಳೋದೂ ಇಲ್ಲ. ಹಳ್ಳಿಗಳಿಗೆ ಅಂತ 2023ರ ಬಜೆಟ್‌ನಲ್ಲಿ 4,000 ಕೂಸಿನ ಮನೆ ಹೇಳಿದರು. ಮಕ್ಕಳನ್ನು ನೋಡಿಕೊಳ್ಳುವ ಆ ಕೇಂದ್ರ ಹೇಳಿದ್ದು ನರೇಗಾ ಕೂಲಿಯವರಿಗೆ, ಗ್ರಾಮ ಪಂಚಾಯಿತಿಯಲ್ಲಿ. ಸಿಟಿಯ ಒಳಗಿನ ನಮ್ಮಂಥವರಿಗೆ ಯಾರು ಕೊಡುತ್ತಾರೆ?

ಮೊಳಕಾಲ್ಮೂರು:

ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಮನೆಗೆ ಬೀಗ ಹಾಕಿ ಕೆಲಸ ಹುಡುಕಿ ಹೋಗುವವರು ತುಂಬಾ. ಮಕ್ಕಳೂ ಜೊತೆಗೇ ಹೋಗುತ್ತವೆ. ಇಲ್ಲಿ ಹೆಸರಿದೆ, ಮಗು ಇಲ್ಲ. ಅಲ್ಲಿ ಮಗು ಇದೆ, ಹೆಸರಿಲ್ಲ. ಆ್ಯಪ್‌ನಲ್ಲಿ ಹೆಸರು ಒಂದು ಕೇಂದ್ರದಿಂದ ಇನ್ನೊಂದಕ್ಕೆ ಬದಲಾಯಿಸೋ ಅವಕಾಶ ಇದೆಯಂತೆ. ಹೋಗುವ ತಾಯಿಗೆ ಅದನ್ನು ಹೇಳುವವರೇ ಇಲ್ಲ.

ಜಗಳೂರು ಕಡೆಯವಳು:

ಎಲ್ಲರ ಮಾತೂ ಓದಿದೆ. ನರ್ಸ್ ಅಕ್ಕ, ಮೊಟ್ಟೆ ಮೊದಲೋ ಟೀಚರ್ ಮೊದಲೋ ಅಂತ ನಾವೇ ಒಂದನ್ನು ಬಿಟ್ಟುಕೊಡೋದು ಬೇಡ. ಆದರೂ ನಾನು ಕೈ ಜಾಸ್ತಿ ಬೇಕು ಅನ್ನೋದನ್ನೇ ಮೊದಲು ಹಿಡಿಯುತ್ತೇನೆ. ಯಾಕೆ ಅಂದರೆ, ನೀವು ಹೇಳಿದ ಎರಡು ವರ್ಷದ ತಂಗಿಯ ಮನೆಗೆ ಹೋಗಿ ಪೊಟ್ಟಣ ಯಾರು ತಿಂದರು, ಗಂಜಿ ಎಷ್ಟು ಗಟ್ಟಿ ಮಾಡಿದರು ಅಂತ ನೋಡಬೇಕಾದವರು ಆ ಕಾರ್ಯಕರ್ತೆಯೇ. ಜಮೈಕಾದಲ್ಲಿ 1980ರ ದಶಕದಲ್ಲಿ ಕುಳ್ಳಾದ ಮಕ್ಕಳ ಮನೆಗೆ ವಾರಕ್ಕೊಮ್ಮೆ ಆರೋಗ್ಯ ಕಾರ್ಯಕರ್ತೆ ಹೋಗಿ, ತಾಯಿಗೆ ಮಗುವಿನ ಜೊತೆ ಆಡೋದು, ಮಾತಾಡೋದು ಹೇಳಿಕೊಟ್ಟರು. 20 ವರ್ಷದ ಮೇಲೆ ಆ ಮಕ್ಕಳ ದುಡಿಮೆ ಶೇ 25ರಷ್ಟು ಜಾಸ್ತಿ ಇತ್ತು. ನಮ್ಮ ಕಾರ್ಯಕರ್ತೆಗೆ ಮನೆ ಭೇಟಿ ಕೆಲಸದ ಪಟ್ಟಿಯಲ್ಲಿ ಇದೆ, ಹೊತ್ತು ಇಲ್ಲ. ಒಬ್ಬರು ಮಕ್ಕಳ ಜೊತೆ ಕೂತರೆ ಇನ್ನೊಬ್ಬರು ಮನೆಗಳಿಗೆ ಹೋಗಬಹುದು. ಭಟ್ಟಿ ಓಣಿಯವರು ಹೇಳಿದ ಹಾಗೆ ಬಾಗಿಲು ಬೇಗ ತೆಗೆಯೋಕೂ ಪಾಳಿ ಮಾಡಬಹುದು.

ಇದನ್ನು ಬೇಡೋಕೆ ನಮಗೆ ಕಾನೂನಿನ ಬಲ ಕಡಿಮೆ ಇದೆ ಅನ್ನೋದೂ ಗೊತ್ತಿರಲಿ. ಸಂವಿಧಾನದ ಮೊದಲಿನ 45ನೇ ವಿಧಿಯಲ್ಲಿ 14 ವರ್ಷದವರೆಗಿನ ಎಲ್ಲ ಮಕ್ಕಳ ಶಿಕ್ಷಣದ ಮಾತಿತ್ತು. 2002ರ 86ನೇ ತಿದ್ದುಪಡಿಯಲ್ಲಿ 6ರಿಂದ 14 ವರ್ಷದವರಿಗೆ ಅದು ಮೂಲಭೂತ ಹಕ್ಕಾಯಿತು. ಆರರೊಳಗಿನವರಿಗೆ 'ಸರ್ಕಾರ ಪ್ರಯತ್ನಿಸಬೇಕು' ಅನ್ನೋದಷ್ಟೇ ಉಳಿಯಿತು. ಇದು ನನಗೆ ಸಿಟ್ಟು ಬರಿಸುತ್ತದೆ. ಆದರೆ ಜನ ಕೇಳಿದಾಗ ಬದಲಾಗಿದ್ದೂ ಇದೆ. 2001ರಲ್ಲಿ ಸುಪ್ರೀಂ ಕೋರ್ಟ್ ಆದೇಶ ಆದ ಮೇಲೆಯೇ ಅಲ್ವಾ ನಮ್ಮ ಶಾಲೆಗಳಿಗೆ ಅಕ್ಷರ ದಾಸೋಹದ ಬಿಸಿಯೂಟ ಬಂದದ್ದು?

ಮುಂದಿನ ಗ್ರಾಮ ಸಭೆಗೆ ಅಂತ ಅರ್ಜಿ ಬರೆದಿದ್ದೇನೆ, ನೋಡಿ ತಿದ್ದಿ:

'ನಮ್ಮ ಪಂಚಾಯಿತಿಯ ಪ್ರತಿ ಅಂಗನವಾಡಿಗೆ ಮೂರರಿಂದ ಆರು ವರ್ಷದ ಮಕ್ಕಳ ಆಟ ಮತ್ತು ಕಲಿಕೆಗೆ ಮಾತ್ರ ಮೀಸಲಾದ ಒಬ್ಬ ಹೆಚ್ಚುವರಿ ಶಿಕ್ಷಕಿಯನ್ನು ನೇಮಿಸಬೇಕು. ಅವರಿಗೆ ಗ್ರಾಚ್ಯುಟಿ ಸೇರಿ ಎಲ್ಲ ಸೌಲಭ್ಯ ಇರಬೇಕು. ಕೂಲಿ ಹಂಗಾಮಿನಲ್ಲಿ ಕೇಂದ್ರ ಬೆಳಿಗ್ಗೆ 8ಕ್ಕೆ ತೆರೆಯಬೇಕು. ಶಾಲೆ ಮಕ್ಕಳಿಗೆ ಕೊಡುವಷ್ಟೇ ಮೊಟ್ಟೆ ಅಂಗನವಾಡಿ ಮಕ್ಕಳಿಗೂ ಕೊಡಬೇಕು.'

ಮಂಡಕ್ಕಿ ಭಟ್ಟಿ ಓಣಿಯವಳು:

8 ಅಂದರೆ ನಮಗೆ ತಡವೇ. ಆದರೂ ಇರಲಿ, ಹಳ್ಳಿಗೆ ಸರಿ ಹೋಗುತ್ತದೆ. ನಮ್ಮ ವಾರ್ಡಿಗೆ ಬೇರೆ ಅರ್ಜಿ ಬರೆಯೋಣ, ಪಾಲಿಕೆಗೆ. 'ಬೆಳಿಗ್ಗೆ 6ಕ್ಕೆ' ಅಂತ ಹಾಕಿ, 'ಮೂರು ವರ್ಷದೊಳಗಿನವರಿಗೂ' ಅಂತ ಸೇರಿಸಿ. ಸಹಿ ನಾನು ಹಾಕಿಸುತ್ತೇನೆ.

ಹರಿಹರದ ಅಪ್ಪ:

ಆ ಶಿಕ್ಷಕಿ ಬಂದು ಮಕ್ಕಳ ಜೊತೆ ನಿಜವಾಗಲೂ ಕೂರುತ್ತಾರೆ ಅನ್ನೋದಾದರೆ ನನ್ನ ಎರಡನೇ ಮಗುವನ್ನು ಅಂಗನವಾಡಿಗೇ ಕಳಿಸುತ್ತೇನೆ. ಅವನಿಗೆ ಈಗ ಒಂದೂವರೆ ವರ್ಷ.

ಹೊಳಲ್ಕೆರೆಯವ:

ಇದನ್ನೇ ಖನಿಜ ಪ್ರತಿಷ್ಠಾನಕ್ಕೆ ಹೊಂದಿಸಿ ಜಿಲ್ಲಾಧಿಕಾರಿ ಕಚೇರಿಗೆ ಕೊಡುತ್ತೇವೆ. ಲೆಕ್ಕದವರು ಹೇಳಿದ 'ಮೂರು ವರ್ಷದ ನಂತರ ರಾಜ್ಯ ಬಜೆಟ್‌ನಿಂದ' ಅನ್ನೋ ಸಾಲೂ ಹಾಕುತ್ತೇವೆ. ಲೆಕ್ಕದವರೇ, ಖರ್ಚಿನ ಪಟ್ಟಿ ಮಾಡಿಕೊಡಿ.

ಲೆಕ್ಕದವನು, ದಾವಣಗೆರೆ:

ಮಾಡಿಕೊಡುತ್ತೇನೆ. ನಿಮ್ಮ ಬಾಧಿತ ಹಳ್ಳಿಗಳ ಅಂಗನವಾಡಿ ಪಟ್ಟಿ ಕಳಿಸಿ. ಮೊಟ್ಟೆಯ ಖರ್ಚನ್ನೂ ಅದರಲ್ಲೇ ಬೇರೆ ಸಾಲಿನಲ್ಲಿ ತೋರಿಸುತ್ತೇನೆ.

ಹೊಸದುರ್ಗ ತಾಲೂಕಿನ ಕಾರ್ಯಕರ್ತೆ:

ನಮ್ಮ ಅಂಗನವಾಡಿಯ ಬಾಲ ವಿಕಾಸ ಸಮಿತಿಯಲ್ಲಿ ಓದಿ ಹೇಳಿ ತಾಯಂದಿರ ಸಹಿ ತೆಗೆದುಕೊಳ್ಳುತ್ತೇನೆ. ಒಂದು ಸಾಲು ಮಾತ್ರ ಮರೀದೇ ಸೇರಿಸಿ: 'ಹೊಸದಾಗಿ ಬರುವ ಶಿಕ್ಷಕಿಯನ್ನು ಬಿಎಲ್‌ಒ, ಸರ್ವೇ, ಆ್ಯಪ್ ಕೆಲಸಕ್ಕೆ ಹಚ್ಚಬಾರದು.' ಇದು ಬರೆಯದೇ ಹೋದರೆ ಆರು ತಿಂಗಳಲ್ಲಿ ಅವರೂ ನನ್ನ ಪಕ್ಕದಲ್ಲಿ ಫೋನ್ ಹಿಡಿದು ನಿಂತಿರುತ್ತಾರೆ.